ಅಳಿವೆಯ ಹತ್ತಿರ ಹವಳ ಬದುಕುತ್ತಾ?

ಪ್ರಶ್ನೆ: ನದಿ ಕಡಲು ಸೇರುವ ಕಡೆ ಹವಳ ಬೆಳೆಯುವುದಿಲ್ಲ ಎಂದು ಓದಿದ್ದೆ. ಅಳಿವೆಗೆ ಹತ್ತಿರವೇ ಹವಳದ ದಿಬ್ಬಗಳಿವೆ ಎಂದೂ ಕೇಳಿದ್ದೇನೆ. ಯಾವುದು ನಿಜ?

ಉತ್ತರ: ಎರಡೂ ನಿಜ. ಅಳಿವೆಯ ಬಾಯಲ್ಲೇ ಹವಳ ಉಳಿಯುವುದು ಕಷ್ಟ. ಸ್ವಲ್ಪ ದೂರ ಸರಿದರೆ ಬೆಳೆಯುತ್ತದೆ. ಆದರೆ ಎಲ್ಲ ಜಾತಿಯೂ ಅಲ್ಲ.

ಸಿಹಿನೀರೇ ಕೊಲ್ಲುವುದುಂಟು. 1991ರಲ್ಲಿ ಆಸ್ಟ್ರೇಲಿಯಾದ ಫಿಟ್ಜ್‌ರಾಯ್ ನದಿಗೆ ಭಾರಿ ನೆರೆ ಬಂದಾಗ ಕೆಪಲ್ ದ್ವೀಪಗಳ ಸುತ್ತ ಆಳವಿಲ್ಲದ ಕಡೆಯ ಹವಳ ಬಹಳಷ್ಟು ಸತ್ತಿತು. ಸಿಹಿನೀರು ಹಗುರ, ಉಪ್ಪುನೀರಿನ ಮೇಲೆ ತೇಲುತ್ತದೆ. ಅದಕ್ಕೇ ಪೆಟ್ಟು ಬೀಳುವುದು ಮೇಲಿನ ಹವಳಕ್ಕೆ. ನೆರೆ ಇಳಿದರೆ ಉಪ್ಪು ಮರಳುತ್ತದೆ.

ಹೂಳು ಮಾತ್ರ ಸುಲಭಕ್ಕೆ ಹೋಗುವುದಿಲ್ಲ. ನನಗೆ ಜಾಸ್ತಿ ಚಿಂತೆ ಇದರದ್ದೇ. ಹವಳದ ಮೈಯೊಳಗಿನ ಸಣ್ಣ ಪಾಚಿ ಬೆಳಕಿನಿಂದ ಆಹಾರ ಮಾಡಿಕೊಡುತ್ತದೆ. ನೀರು ರಾಡಿಯಾದರೆ ಹವಳ ಅರೆಹೊಟ್ಟೆ. ಮೇಲೆ ಬಿದ್ದ ಹೂಳನ್ನು ಅದು ಲೋಳೆ ಸುರಿಸಿ ತಳ್ಳುತ್ತದೆ, ಅದಕ್ಕೂ ಶಕ್ತಿ ಬೇಕು ಅಲ್ವಾ? ಕೊಳೆತ ಎಲೆ, ಕಸ ಬೆರೆತ ನಯವಾದ ಹೂಳು ಇನ್ನೂ ಕೆಟ್ಟದ್ದು. ಅದರೊಳಗಿನ ಸೂಕ್ಷ್ಮಜೀವಿಗಳು ಆಮ್ಲಜನಕ ಹೀರಿಬಿಡುತ್ತವೆ, ಅಡಿಯಲ್ಲಿ ಸಿಕ್ಕ ಹವಳ ಕೆಲವೇ ದಿನಗಳಲ್ಲಿ ಸಾಯುತ್ತದೆ. ತೇಲಿ ಬಂದ ಮರಿಹವಳಕ್ಕೆ ಅಂಟಿಕೊಳ್ಳಲು ಗಟ್ಟಿ ನೆಲವೂ ಸಿಗುವುದಿಲ್ಲ. ಜೋರು ಗಾಳಿ ಬೀಸಿದಾಗೆಲ್ಲ ತಳದ ಹೂಳು ಮತ್ತೆ ಏಳುತ್ತದೆ.

ಹೊಲಗಳಿಂದ ಹರಿದು ಬರುವ ಗೊಬ್ಬರ ತೇಲುವ ಪಾಚಿಯನ್ನು ಹೆಚ್ಚಿಸುತ್ತದೆ. ಹವಳವನ್ನೇ ತಿನ್ನುವ ಮುಳ್ಳುಕಿರೀಟ ನಕ್ಷತ್ರಮೀನಿನ ಮರಿಗಳಿಗೆ ಈ ಪಾಚಿಯೇ ಆಹಾರ.

ಹಾಗಾದರೆ ಅಲ್ಲಿ ಯಾರು ಉಳಿಯುತ್ತಾರೆ? ರಾಡಿ ನೀರಿನಲ್ಲಿ ಟರ್ಬಿನೇರಿಯಾ, ಗೋನಿಯೊಪೊರಾ, ಗುಂಡುಕಲ್ಲಿನಂಥ ಪೊರೈಟಿಸ್ ಎಂಬ ಹವಳಗಳು ತಾಳಿಕೊಳ್ಳುತ್ತವೆ. ಕವಲೊಡೆಯುವ ಅಕ್ರೊಪೊರಾದ ಹಲವು ಜಾತಿಗಳು ಕಡಿಮೆಯಾಗುತ್ತವೆ, ಆ ಕವಲುಗಳಲ್ಲಿ ಅಡಗುವ ಮೀನುಗಳಿಗೂ ಮನೆ ಹೋಗುತ್ತದೆ. ಆದ್ದರಿಂದ ಸುಮ್ನೆ ಎಷ್ಟು ಹವಳ ಇದೆ ಎಂದು ಅಳೆದರೆ ಸಾಲದು. ಯಾವ ಹವಳ ಎಂದು ದಯವಿಟ್ಟು ನೋಡಿ.

ಪೊರೈಟಿಸ್ ಇನ್ನೊಂದು ಉಪಕಾರ ಮಾಡುತ್ತದೆ. ಮರದಂತೆ ಅದರಲ್ಲೂ ವರ್ಷದ ಪಟ್ಟಿಗಳಿವೆ. ನದಿಯ ಹೂಳಿನ ಜೊತೆ ಬರುವ ಬೇರಿಯಂ ಎಂಬ ಲೋಹ ಅವುಗಳಲ್ಲಿ ಸೇರಿಕೊಳ್ಳುತ್ತದೆ, ಅದನ್ನು ಅಳೆದರೆ ಯಾವಾಗ ಎಷ್ಟು ಹೂಳು ಬಂತು ಎಂದು ಅಂದಾಜು ಸಿಗುತ್ತದೆ. ಆಸ್ಟ್ರೇಲಿಯಾದ ಬರ್ಡೆಕಿನ್ ನದಿಯ ನೆರೆನೀರು ತಲುಪುವ ದಿಬ್ಬದಲ್ಲಿ ಈ ಪಟ್ಟಿಗಳನ್ನು ಓದಿದ್ದಾರೆ. ಯುರೋಪಿನವರು ಬಂದು ದನಕುರಿ ಮೇಯಿಸಲು ಶುರುಮಾಡಿದ ಮೇಲೆ, ಸುಮಾರು 1870ರಿಂದ, ಹೂಳು ಹಲವು ಪಟ್ಟು ಏರಿದೆ.