ಅಮೆರಿಕ ಅಧ್ಯಕ್ಷರು ಸಂಸತ್ತನ್ನು ಕೇಳದೆ ಸೇನೆ ಕಳಿಸಬಹುದಾ?

ಕಳಿಸಬಹುದು, ಆದರೆ ಕಾನೂನಿನಲ್ಲಿ ಗಡುವಿದೆ. ಯುದ್ಧ ಘೋಷಿಸುವ ಅಧಿಕಾರವನ್ನು ಅಲ್ಲಿನ ಸಂವಿಧಾನ ಕಾಂಗ್ರೆಸ್‌ಗೆ, ಅಂದರೆ ಅವರ ಸಂಸತ್ತಿಗೆ ಕೊಟ್ಟಿದೆ. ಸೇನೆಯ ದಂಡನಾಯಕರು ಮಾತ್ರ ಅಧ್ಯಕ್ಷರೇ. ಜಗಳ ಹುಟ್ಟುವುದೇ ಇಲ್ಲಿ.

ವಿಯೆಟ್ನಾಂ ಯುದ್ಧದಿಂದ ಬೇಸತ್ತ ಕಾಂಗ್ರೆಸ್ 1973ರಲ್ಲಿ, ಆಗಿನ ಅಧ್ಯಕ್ಷ ನಿಕ್ಸನ್ ವೀಟೊ ಹಾಕಿ ತಿರಸ್ಕರಿಸಿದರೂ ಬಿಡದೆ, ಒಂದು ಕಾನೂನು ಮಾಡಿತು. ಸೇನೆ ಕಾದಾಟಕ್ಕೆ ಇಳಿದ 48 ಗಂಟೆಯೊಳಗೆ ಅಧ್ಯಕ್ಷರು ವರದಿ ಕೊಡಬೇಕು. ಆಮೇಲೆ 60 ದಿನದಲ್ಲಿ ಒಪ್ಪಿಗೆ ಸಿಗದಿದ್ದರೆ ನಿಲ್ಲಿಸಬೇಕು. ಸೈನಿಕರನ್ನು ಸುರಕ್ಷಿತವಾಗಿ ವಾಪಸ್ ಕರೆಸಲು ಬೇಕಾದರೆ ಇನ್ನೂ 30 ದಿನ.

ಕೇಳೋಕೆ ಬಿಗಿಯಾಗಿದೆ, ಅಲ್ವಾ? 2011ರಲ್ಲಿ ಲಿಬಿಯಾ ಮೇಲಿನ ವಾಯುದಾಳಿ 60 ದಿನ ದಾಟಿತು. ನೆಲದ ಮೇಲೆ ನಮ್ಮ ಪಡೆಗಳಿಲ್ಲ, ಹಾಗಾಗಿ ಇದು ಆ ಕಾನೂನಿನ ಲೆಕ್ಕದ ಕಾದಾಟವೇ ಅಲ್ಲ ಎಂದು ಒಬಾಮಾ ಸರ್ಕಾರ ವಾದಿಸಿತು. ಕೋರ್ಟುಗಳೂ ಇಂಥ ವ್ಯಾಜ್ಯಕ್ಕೆ ಕೈಹಾಕಲು ಹಿಂಜರಿಯುತ್ತವೆ. ಕಾಂಗ್ರೆಸ್ ಬೇಕಾದರೆ ಹಣ ತಡೆಯಬಹುದು, ಆದರೆ ಅದಕ್ಕೆ ಸಾಕಷ್ಟು ಮತ ಕೂಡಿಸುವುದೇ ಕಷ್ಟ.