ಮೆಣಸಿನ ಬೇರಿನಲ್ಲಿ ಗಂಟು: ಸಸಿಮಡಿಯಲ್ಲೇ ತಡೆಯಿರಿ

ಪ್ರಶ್ನೆ: ಬ್ಯಾಡಗಿ ಹತ್ತಿರ ನಮ್ಮೂರು. ಮೆಣಸಿನ ಸಸಿಗಳು ಹಳದಿಯಾಗಿ ಬೆಳವಣಿಗೆಯೇ ನಿಂತಿದೆ, ಕಿತ್ತು ನೋಡಿದರೆ ಬೇರು ತುಂಬಾ ಗಂಟು. ಏನು ಮಾಡಲಿ ಸರ್?

ಉತ್ತರ: ಇದು ಬೇರುಗಂಟು ಜಂತುಹುಳು, ಅಂದರೆ ಮಣ್ಣಿನಲ್ಲಿದ್ದು ಬೇರಿಗೆ ಹೊಕ್ಕು ಗಂಟು ಮಾಡುವ ಕಣ್ಣಿಗೆ ಕಾಣದ ಸಣ್ಣ ಹುಳು. ದಯವಿಟ್ಟು ಈ ಸಸಿ ನಾಟಬೇಡಿ, ಹುಳು ಬೇರಿನ ಜೊತೆ ಹೊಲ ಸೇರಿದರೆ ಆಮೇಲೆ ಹೊರಹಾಕುವುದು ಬಹಳ ಕಷ್ಟ. ಬೇರುಸಮೇತ ಕಿತ್ತು ಸುಟ್ಟುಬಿಡಿ. ನನಗಂತೂ ಔಷಧಿಗಿಂತ ಬಿಸಿಲಿನ ಮೇಲೇ ನಂಬಿಕೆ ಜಾಸ್ತಿ. ಏಪ್ರಿಲ್-ಮೇನಲ್ಲೇ ಮಡಿ ಮಾಡಿ, ಚೆನ್ನಾಗಿ ನೀರು ಹಾಯಿಸಿ, ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಗಾಳಿಯಾಡದಂತೆ ಅಂಚಿಗೆ ಮಣ್ಣು ಮುಚ್ಚಿ 4ರಿಂದ 6 ವಾರ ಬಿಡಿ. ಕಪ್ಪು ಹಾಳೆ ಬೇಡ, ಅದರಡಿ ಮಣ್ಣು ಅಷ್ಟು ಕಾಯುವುದಿಲ್ಲ. ಆಮೇಲೆ ಬೇವಿನ ಹಿಂಡಿ, ಟ್ರೈಕೋಡರ್ಮಾ (ಬೆಳೆಗೆ ಉಪಕಾರಿ ಶಿಲೀಂಧ್ರ) ಬೆರೆಸಿದ ಕೊಟ್ಟಿಗೆ ಗೊಬ್ಬರ ಸೇರಿಸಿ, 2 ವಾರ ಬಿಟ್ಟು ಬೀಜ ಹಾಕಿ. ಟೊಮೆಟೊ, ಬದನೆಗೂ ಇದೇ ಹುಳು ಬೀಳುವುದರಿಂದ ಅವು ಬೆಳೆದ ಜಾಗದಲ್ಲಿ ಮಾತ್ರ ಮಡಿ ಮಾಡಲೇಬೇಡಿ.