ಅಪ್ಪನಿಗೆ 67, ಕಿವಿ ಮಂದ. ಈ ವಯಸ್ಸಿನಲ್ಲಿ ಮಷೀನ್ ಬೇಕೇ ಬೇಕಾ?

ಚಿಕ್ಕವರಿಗಾದರೆ ಓದು, ಕೆಲಸ ಹಾಳಾಗುತ್ತೆ, ಮನೆಯಲ್ಲೇ ಇರುವ ವಯಸ್ಸಾದವರಿಗೆ ಅಷ್ಟೇನೂ ತೊಂದರೆ ಇಲ್ಲ ಅಲ್ವಾ ಅಂತ ಕೇಳಿದ್ದೀರಿ. ಏಳು ವರ್ಷದ ಹಿಂದೆ ನಾನೂ ಹೀಗೇ ಅಂದುಕೊಂಡಿದ್ದೆ.

ನಮ್ಮದು ಸಕಲೇಶಪುರದ ಹತ್ತಿರ ಒಂದು ಹಳ್ಳಿ. ಅಮ್ಮನಿಗೆ ಆಗ 66. ಮೊದಲು ಗೊತ್ತಾಗಿದ್ದು ಊಟದ ಹೊತ್ತಿನಲ್ಲಿ. ಅಪ್ಪ ತಲೆ ಎತ್ತದೆ "ಸಾಕು" ಅಂದರೆ ಅಮ್ಮ ಇನ್ನೊಂದು ಸೌಟು ಸಾರು ಬಿಡುತ್ತಿದ್ದಳು. ನಾವೆಲ್ಲ ನಗುತ್ತಿದ್ದೆವು. ವಯಸ್ಸಾದಂತೆ ಕಿವಿಗೆ ಮೊದಲು ತಪ್ಪಿಹೋಗುವುದು ಕೀಚಲು ಸದ್ದು. ಸ, ಶ, ಚ ಥರದ ಅಕ್ಷರಗಳ ಸದ್ದು ಇರುವುದು ಅಲ್ಲೇ. "ಸಾಕು" ಅನ್ನುವುದರಲ್ಲಿ ಸ ಹೋದರೆ ಉಳಿಯುವುದು "ಆಕು". ನಮ್ಮ ಕಡೆ "ಹಾಕು" ಅನ್ನುವುದನ್ನೂ ಎಷ್ಟೋ ಜನ ಹಾಗೇ ಅನ್ನುತ್ತಾರೆ. ಅಮ್ಮನಿಗೆ ದನಿ ಕೇಳುತ್ತಿತ್ತು, ಮಾತು ಬಿಡಿಸಿಕೊಳ್ಳಲು ಆಗುತ್ತಿರಲಿಲ್ಲ. "ನನ್ನ ಕಿವಿ ಸರಿಯಾಗೇ ಇದೆ, ನೀವೇ ಬಾಯೊಳಗೆ ಮಾತಾಡ್ತೀರ" ಅನ್ನುತ್ತಿದ್ದಳು.

ನಾನು ಮಾಡಿದ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಯಾವ ಪರೀಕ್ಷೆಯನ್ನೂ ಮಾಡಿಸದೆ ಆನ್‌ಲೈನ್‌ನಲ್ಲಿ 1,800 ರೂಪಾಯಿಗೆ ಒಂದು ಮಷೀನ್ ತರಿಸಿ ಅಮ್ಮನ ಕಿವಿಗಿಟ್ಟೆ. ಅದು ಎಲ್ಲ ಸದ್ದನ್ನೂ ಒಂದೇ ಸಮ ಜೋರು ಮಾಡುತ್ತಿತ್ತು ಅಷ್ಟೇ. ಅಮ್ಮನಿಗೆ ದಪ್ಪ ದನಿ ಮೊದಲೇ ಚೆನ್ನಾಗಿ ಕೇಳುತ್ತಿತ್ತು. ಜಾಸ್ತಿ ಮಾಡಬೇಕಿದ್ದದ್ದು ಕೀಚಲು ದನಿಯನ್ನು ಮಾತ್ರ, ಅದೂ ಅಳತೆ ನೋಡಿ. ಇಂಥ ಕಿವಿಗೆ ಮೆಲ್ಲಗಿನ ಸದ್ದು ಕೇಳುವುದಿಲ್ಲ, ಜೋರು ಸದ್ದು ಮಾತ್ರ ಬೇಗ ಹಿಂಸೆಯಾಗುತ್ತದೆ. ಅದೂ ನನಗೆ ಗೊತ್ತಿರಲಿಲ್ಲ. ಹೆಂಚಿನ ಮೇಲಿನ ಮಳೆ, ಮಿಕ್ಸಿ, ಸ್ಟೀಲ್ ತಟ್ಟೆ ಎಲ್ಲ ತಲೆಗೇ ಬಡಿದ ಹಾಗಾಗಿ ಮೂರನೇ ದಿನ ಅದನ್ನು ತೆಗೆದು ಸಾಸಿವೆ ಡಬ್ಬಿಯ ಹಿಂದೆ ಇಟ್ಟಳು. "ನನಗೆ ಮಷೀನ್ ಆಗಲ್ಲ ಕಣಪ್ಪ" ಅಂದಳು. ನಾನೂ ನಂಬಿಬಿಟ್ಟೆ. ಆ ಒಂದು ಡಬ್ಬಾ ಮಷೀನಿನಿಂದ ನಾಲ್ಕು ವರ್ಷ ಹೋಯಿತು.

ಆ ವರ್ಷಗಳಲ್ಲಿ ಅಮ್ಮ ಮದುವೆಗಳಿಗೆ ಹೋಗುವುದನ್ನು ಬಿಟ್ಟಳು. ಫೋನ್ ಬಂದರೆ ನನಗೆ ಕೊಡುತ್ತಿದ್ದಳು. ಮೂರನೇ ವರ್ಷ ಅಪ್ಪ ಹಾಸಿಗೆ ಹಿಡಿದರು. ಕೊನೆಯ ಹದಿನೈದು ದಿನ ಅವರ ದನಿ ತೀರಾ ತಗ್ಗಿತ್ತು. ಅಮ್ಮ ಬಾಯಿಯ ಹತ್ತಿರ ಕಿವಿ ಇಟ್ಟು ಕೂರುತ್ತಿದ್ದಳು, ಆಮೇಲೆ ನನ್ನ ಕಡೆ ತಿರುಗಿ "ಏನಂದ್ರು?" ಅಂತ ಕೇಳುತ್ತಿದ್ದಳು. 48 ವರ್ಷ ಜೊತೆಗೆ ಬಾಳಿದವರ ಮಾತನ್ನು ನಾನು ಅಮ್ಮನಿಗೆ ಮುಟ್ಟಿಸಬೇಕಾಯಿತು. ಎಷ್ಟೋ ಸಲ ನಾನಿರುತ್ತಿರಲಿಲ್ಲ.

ವರ್ಷದ ತಿಥಿ ಮುಗಿಸಿ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದೆ. ಅಲ್ಲಿ ನಮ್ಮ ಪಕ್ಕ ಐದು ತಿಂಗಳ ಕೂಸನ್ನು ಎತ್ತಿಕೊಂಡ ತಾಯಿ ಕೂತಿದ್ದರು. ಹುಟ್ಟಾ ಕೇಳದ ಮಗುವಿಗೆ ಆರು ತಿಂಗಳೊಳಗೆ ನೆರವು ಶುರುವಾಗಬೇಕು, ಇಲ್ಲದಿದ್ದರೆ ಮಾತು ಕಲಿಯುವುದೇ ಹಿಂದೆ ಬೀಳುತ್ತೆ. ಎದುರಿಗೆ ಸಾಮಿಲ್‌ನಲ್ಲಿ ಕೆಲಸ ಮಾಡುವ 40ರ ಆಸುಪಾಸಿನವರು. ಅವರಿಗೆ ಕೆಲಸ ಹೋಗುವ ಭಯ. ಇವರ ಕಷ್ಟ ದೊಡ್ಡದೇ. ಆದರೆ ಕೂಸಿಗೆ ಓಡಾಡಲು ತಾಯಿ ಇದ್ದಾಳೆ, ದುಡಿಯುವವರನ್ನು ಕೆಲಸವೇ ಎಳೆದು ತರುತ್ತೆ. ವಯಸ್ಸಾದವರು ಸುಮ್ಮನಾಗಿಬಿಡುತ್ತಾರೆ. ಸುಮ್ಮನಿದ್ದಾರೆ ಅಂದರೆ ತೊಂದರೆ ಇಲ್ಲ ಅಂತ ನಾವು ತಿಳಿಯುತ್ತೇವೆ. ನಿಮ್ಮ ಪ್ರಶ್ನೆಯಲ್ಲಿ ನನಗೆ ಒಪ್ಪಿಗೆಯಾಗದ್ದು ಇದೇ. 2024ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ತಜ್ಞರ ಸಮಿತಿ ಮರೆವಿನ ಕಾಯಿಲೆಯ ಅಪಾಯ ಹೆಚ್ಚಿಸುವ, ಆದರೆ ನಾವು ತಿದ್ದಿಕೊಳ್ಳಬಹುದಾದ 14 ಅಂಶಗಳನ್ನು ಹೇಳಿದೆ. ಅದರಲ್ಲಿ ಕಿವಿ ಮಂದವಾಗುವುದೂ ಒಂದು.

ಈ ವಾರವೇ ಹೊರಡಿ. ಮೊದಲು ನಿಮ್ಮ ಹತ್ತಿರದ ಊರಿನಲ್ಲೇ ಇಎನ್‌ಟಿ ಡಾಕ್ಟರಿಗೆ ತೋರಿಸಿ, ಕೆಲವೊಮ್ಮೆ ಬರೀ ಗುಗ್ಗೆ ಕಟ್ಟಿರುತ್ತೆ. ಆಮೇಲೆ ಆಡಿಯೋಗ್ರಾಂ. ಸದ್ದಿಲ್ಲದ ಕೋಣೆಯಲ್ಲಿ ಪೀಂ ಅನ್ನುವ ಸದ್ದು ಕೇಳಿಸಿ ಎರಡೂ ಕಿವಿಯ ಗ್ರಾಫ್ ತೆಗೆಯುತ್ತಾರೆ. ಆ ಗ್ರಾಫ್ ಇಲ್ಲದೆ ಮಷೀನಿಗೆ ಒಂದು ರೂಪಾಯಿಯೂ ಕೊಡಬೇಡಿ. ದಿಢೀರನೆ ಒಂದು ಕಿವಿ ಕೇಳದಂತಾದರೆ ಮಾತ್ರ ವಾರಗಟ್ಟಲೆ ಕಾಯುವ ಹಾಗಿಲ್ಲ, ಅದೇ ದಿನ ಓಡಿ.

ಅಮ್ಮನಿಗೆ ಹೊಸ ಮಷೀನ್ ಒಗ್ಗಲು ಎರಡು ತಿಂಗಳು ಹಿಡಿಯಿತು. ಮೊದಲ ವಾರ ದಿನಕ್ಕೆ ಎರಡೇ ಗಂಟೆ, ಅದೂ ಟಿವಿ ಆರಿಸಿ, ನಾನೊಬ್ಬನೇ ಎದುರಿಗೆ ಕೂತು ಮಾತಾಡಿದ್ದು. ಛತ್ರದ ಗದ್ದಲದಲ್ಲಿ ಈಗಲೂ ಕಷ್ಟವೇ. ಫೋನ್ ಬಂದರೆ ಮಾತ್ರ ನನ್ನ ಕೈಗೆ ಕೊಡುವುದಿಲ್ಲ.